ಗಿರಣಿ ವಿರೂಪಾಕ್ಷಮ್ಮನ ಆರು ವಾರ

ಅಳವಂಡಿಯ ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ಒಂದು ಬೋರ್ಡಿದೆ. ಅದರಲ್ಲಿ ಗಿರಣಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ಮಾಲಕರು: ದೊಡ್ಡಬಸಪ್ಪ’ ಎಂದು ಬರೆದಿದೆ. ಬೋರ್ಡಿನ ಕೆಳಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಪೇಪರು ಹಿಡಿದ ದೊಡ್ಡಬಸಪ್ಪ. ಕುರ್ಚಿಯ ಹಿಂದೆ, ಬಾಗಿಲಿನೊಳಗೆ, ಹಿಟ್ಟಿನ ಮಂಜಿನಲ್ಲಿ ಗಿರಣಿ. ಅದನ್ನು ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿರುವವಳು ಆತನ ಹೆಂಡತಿ ವಿರೂಪಾಕ್ಷಮ್ಮ. ಬೋರ್ಡಿನಲ್ಲಿ ಜಾಗ ಸಾಲದೆ ಆಕೆಯ ಹೆಸರು ಬಿಟ್ಟುಹೋಯಿತೆಂದು ದೊಡ್ಡಬಸಪ್ಪ ಹೇಳುತ್ತಾನೆ.

ಗಿರಾಕಿ ತನ್ನ ಡಬ್ಬಿಯನ್ನು ಹೊಸ್ತಿಲ ಹೊರಗೆ ಇಟ್ಟರೆ ಸಾಕು. ಅಲ್ಲಿಂದ ಎತ್ತಿ, ಎದೆಮಟ್ಟಕ್ಕೆ ತಂದು, ಯಂತ್ರದ ಮೇಲಿನ ತಗಡಿನ ಬಾಯಿಗೆ ಸುರಿಯುವುದು ವಿರೂಪಾಕ್ಷಮ್ಮನೇ. ಇಪ್ಪತ್ತು ಕಿಲೋ ಜೋಳವನ್ನು ಆಕೆ ಕೂಸನ್ನು ಸೊಂಟಕ್ಕೇರಿಸಿಕೊಂಡ ಹಾಗೆ ಎತ್ತುತ್ತಿದ್ದಳು. ಯಾರಾದರೂ ಕೈ ಹಾಕಲು ಬಂದರೆ, “ನಿಮ್ಮ ಮನಿ ಒಲಿ ಮುಂದ ನಾ ಬಂದು ರೊಟ್ಟಿ ಬಡೀತೀನೇನು? ಸರೀರಿ ಅತ್ತಾಗ,” ಎನ್ನುತ್ತಿದ್ದಳು. ಬೀಸುವುದು ಕಣ್ಣಿನಿಂದಲ್ಲ, ಕಿವಿಯಿಂದ. ಕಲ್ಲಿನ ಸದ್ದು ಸ್ವಲ್ಪ ಬದಲಾದರೂ ತಿರುಪು ತಿರುಗಿಸಿ ಬಿಗಿಯೋ ಸಡಿಲೋ ಮಾಡುತ್ತಿದ್ದಳು.

ಗಿರಣಿಯವರ ಮುಖದ ನಿಜವಾದ ಬಣ್ಣ ಯಾರಿಗೂ ಗೊತ್ತಿರುವುದಿಲ್ಲ. ಹುಬ್ಬು, ರೆಪ್ಪೆ, ತುಟಿ, ಎಲ್ಲದರ ಮೇಲೂ ಹಿಟ್ಟು. ಎರಡು ವರ್ಷದಿಂದ ವಿರೂಪಾಕ್ಷಮ್ಮನಿಗೆ ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತು. ಕರೆಂಟು ಹೋದಾಗ ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬರುತ್ತಿದ್ದಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ವಯಸ್ಸಾಯಿತು ಅಂದುಕೊಂಡಳು, ವಯಸ್ಸು ನಲವತ್ತಾರು. ಮುಖ ಬೆಳ್ಳಗಾಗುತ್ತ ಬಂದದ್ದನ್ನು ಊರಿನವರು ಹಿಟ್ಟು ಅಂದುಕೊಂಡರು, ಮನೆಯವರು ಹಿಟ್ಟು ಅಂದುಕೊಂಡರು, ಕನ್ನಡಿ ನೋಡಿಕೊಂಡು ಆಕೆಯೂ ಹಿಟ್ಟೇ ಅಂದುಕೊಂಡಳು.

ಅಮಾವಾಸ್ಯೆಗೆ ಗಿರಣಿ ರಜೆ. ಅಂಥ ಒಂದು ಅಮಾವಾಸ್ಯೆಯ ಮಧ್ಯಾಹ್ನ ಪಕ್ಕದ ಮನೆಯ ಹಸನಬೀ ಜರಡಿ ವಾಪಸು ಕೊಡಲು ಬಂದಳು. ಹಸನಬೀ ಓಣಿಯ ಜಂಪರು ಹೊಲಿಯುವವಳು. ಬಟ್ಟೆಯ ಬಣ್ಣ ಮಾಸಿದ್ದನ್ನು ಗುರುತಿಸುವ ಕಣ್ಣು.

“ಅಕ್ಕಾ, ಗಿರಣಿ ಬಂದ್ ಐತಿ. ಮಾರಿಗೆ ಹಿಟ್ಟು ಎಲ್ಲಿಂದ ಬಂತು?”

“ಎಲ್ಲೈತಿ? ಈಗರ ಜಳಕ ಮಾಡೀನಿ.”

ಹಸನಬೀ ಸೆರಗಿನ ತುದಿಯಿಂದ ಆಕೆಯ ಕೆನ್ನೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಸೆರಗಿಗೆ ಏನೂ ಹತ್ತಲಿಲ್ಲ.

“ಇದು ಹಿಟ್ಟಲ್ಲಕ್ಕಾ,” ಅಂದಳು. “ಇದು ನೀನ.”

ಎರಡು ವರ್ಷದ ಕಥೆ ಆವತ್ತು ಹೊರಬಂತು. ಹಸನಬೀ ತನ್ನ ಕಥೆಯನ್ನೂ ಹೇಳಿದಳು. ಮೂವತ್ತೆರಡರ ವಯಸ್ಸಿಗೆ ಬಿಳಿ ಹೋಗುತ್ತದೆಂದು ದೂರದ ಯಾವುದೋ ದವಾಖಾನೆಗೆ ಹೋಗಿದ್ದಳು. ಮಕ್ಕಳಾಗಿವೆಯಲ್ಲ, ಇನ್ನು ಗರ್ಭಚೀಲದ ಕೆಲಸವೇನು, ತೆಗೆಸಿಬಿಡು ಅಂದಿದ್ದರು. ಈಕೆ ಹೂಂ ಅಂದಿದ್ದಳು.

“ಅದರ ಜೋಡಿ ಇನ್ನೇನೇನು ತೆಗೆದ್ರೋ, ಇವತ್ತಿಗೂ ಗೊತ್ತಿಲ್ಲ. ಮರು ತಿಂಗಳಿಂದ ಮೈಯಾಗ ಬೆಂಕಿ. ಥಂಡಿ ದಿನದಾಗೂ ನಾ ಫ್ಯಾನ್ ಹಚ್ಚತೀನಿ, ಮನಿಯವರು ರಗ್ಗು ಹೊದ್ದು ಬೈತಾರ. ನೀ ದವಾಖಾನಿಗೆ ಹೋಗು. ಆದ್ರ ನನ್ನಂಗ ಹೂಂ ಅನಬ್ಯಾಡ. ಏನು ತೆಗೀತೀರಿ, ಏನು ಬಿಡ್ತೀರಿ, ಯಾಕ ಅಂತ ಕೇಳು.”

ಕೊಪ್ಪಳದ ದವಾಖಾನೆಗೆ ವಿರೂಪಾಕ್ಷಮ್ಮ ಹೊರಟಾಗ ದೊಡ್ಡಬಸಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಒಂದು ಅವಧಿ ಪಂಚಾಯ್ತಿ ಮೆಂಬರಾಗಿದ್ದವನು. ಎಲ್ಲಿ ಹೋದರೂ ಊರಿನ ಪರವಾಗಿ ಮಾತಾಡುವ ರೂಢಿ. ಡಾಕ್ಟರ್ ಹೇಮಾ ಅವರ ಮುಂದಿದ್ದ ಎರಡು ಸ್ಟೂಲುಗಳಲ್ಲಿ ಹತ್ತಿರದ್ದರ ಮೇಲೆ ತಾನೇ ಕೂತ.

“ಏನು ತ್ರಾಸು?” ಡಾಕ್ಟರ್ ಕೇಳಿದರು.

“ನಮಗ ಎರಡು ವರ್ಷದಿಂದ ಭಾಳ ಬ್ಲೀಡಿಂಗ್ ಐತ್ರಿ ಬಾಯಾರ.”

ಡಾಕ್ಟರ್ ಆತನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ನಿಮಗ?”

“ಹೌದ್ರಿ. ತಿಂಗಳಿಗೆ ನಾಕೈದು ದಿನ.”

“ಹನ್ನೆರಡು,” ಅಂದಳು ವಿರೂಪಾಕ್ಷಮ್ಮ ಹಿಂದಿನಿಂದ.

“ಕಡೀ ಸಲ ಮುಟ್ಟಾಗಿದ್ದು ಯಾವಾಗ?”

ದೊಡ್ಡಬಸಪ್ಪ ತಾರೀಖು ಅಲ್ಲೇ ಬರೆದಿದೆಯೋ ಎಂಬಂತೆ ಫ್ಯಾನಿನ ಕಡೆ ನೋಡಿದ.

“ಯಜಮಾನ್ರ, ನೀವು ಆರಾಮ ಅದೀರಿ,” ಅಂದರು ಡಾಕ್ಟರ್. “ಆ ಸ್ಟೂಲು ಅವರಿಗೆ ಬಿಡ್ರಿ. ಅವರು ಹೇಳ್ಲಿ.”

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಆರೂವರೆ ಬಂತು. ಹೆಣ್ಣಿಗೆ ಹನ್ನೆರಡಾದರೂ ಇರಬೇಕು. ಇಷ್ಟರಲ್ಲಿ ಈಕೆ ದಿನಕ್ಕೆ ಎಷ್ಟು ಡಬ್ಬಿ ಎತ್ತುತ್ತಾಳೆಂದು ಕೇಳಿ ಡಾಕ್ಟರ್ ಪೆನ್ನು ಕೆಳಗಿಟ್ಟರು. ಮುಂದೆ ಬೇಕಾದರೆ ನಾನೇ ರಕ್ತ ಕೊಡುತ್ತೇನೆಂದು ದೊಡ್ಡಬಸಪ್ಪ ಎದೆ ಮುಂದೆ ಮಾಡಿದ. ಪರೀಕ್ಷಿಸಿದರು. ಆತನದು ಹದಿನೈದೂವರೆ.

“ಮನಿಯಾಗಿನ ರಕ್ತ ಎಲ್ಲಾ ಯಾರ ಕಡೆ ಕೂಡಿಬಿದ್ದೈತಿ ಅಂತ ಈಗ ತಿಳೀತು,” ಅಂದಳು ವಿರೂಪಾಕ್ಷಮ್ಮ.

ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಗೆ, ಗೋಡೆಯಲ್ಲಿ, ನಾಲ್ಕು ಗಡ್ಡೆ ಕಂಡವು. ಇಂಥವು ಬಹಳ ಹೆಂಗಸರಿಗೆ ಇರುತ್ತವೆ, ಹೆಚ್ಚಿನವು ಕ್ಯಾನ್ಸರ್ ಅಲ್ಲ ಅಂದರು ಡಾಕ್ಟರ್. ಆದರೂ ಒಳಪೊರೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಿರೂಪಾಕ್ಷಮ್ಮ ಅವತ್ತೇ ಕೊಯ್ಯಿಸಿಕೊಂಡು ಸಂಜೆ ಬಸ್ಸಿಗೆ ಬರುವ ತಯಾರಿಯಲ್ಲಿದ್ದಳು. “ಹಲ್ಲು ಕೀಳೋದಲ್ಲವ್ವ ಇದು,” ಎಂದು ಡಾಕ್ಟರ್ ಮಾತ್ರೆ ಬರೆದುಕೊಟ್ಟರು, ಕಬ್ಬಿಣದ ಇಂಜೆಕ್ಷನ್ ಶುರುಮಾಡಿದರು. ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಬರಲಿಲ್ಲ. ಮಾತ್ರೆಯಿಂದ ಎರಡು ತಿಂಗಳು ಕಡಿಮೆಯಾದ ರಕ್ತ ಮೂರನೇ ತಿಂಗಳು ಬಡ್ಡಿ ಸಮೇತ ಬಂತು.

ಆಗ ಡಾಕ್ಟರ್ ದಾರಿಗಳನ್ನು ಬಿಡಿಸಿ ಹೇಳಿದರು. ಗಡ್ಡೆ ಮಾತ್ರ ತೆಗೆಯಬಹುದು, ಮತ್ತೆ ಬೆಳೆಯಬಹುದು. ಒಳಗೆ ಔಷಧಿಯ ಕಾಪರ್‌-ಟಿಯಂಥದ್ದು ಕೂರಿಸಬಹುದು. ಆದರೆ ಈಕೆಯ ಒಂದು ಗಡ್ಡೆ ಒಳಕ್ಕೇ ಉಬ್ಬಿರುವುದರಿಂದ ಅದು ಜಾರಿಬೀಳುವ ಸಂಭವ ಹೆಚ್ಚು. ಇಲ್ಲವೇ ಗರ್ಭಕೋಶವನ್ನೇ ತೆಗೆಯಬಹುದು.

ಈ ಸಲ ಅತ್ತೆ ಮುದಕಮ್ಮನೂ ಬಂದಿದ್ದಳು. ಓಣಿಯ ಎಲ್ಲ ಬಾಣಂತನಗಳ ಮೇಲುಸ್ತುವಾರಿ ಆಕೆಯದೇ. ಆಕೆಗೊಂದು ಸಂಶಯ.

“ತೆಗೆದ ಮ್ಯಾಲ ಒಳಗ ಆ ಜಾಗಾ ಖಾಲಿ ಉಳೀತೈತಲ್ಲ ಯವ್ವಾ, ಅಲ್ಲಿ ಏನು ತುಂಬ್ತೀರಿ?”

“ಏನೂ ತುಂಬಂಗಿಲ್ಲ ಅಜ್ಜಿ. ಬಸ್ಸಿನ್ಯಾಗ ಒಬ್ರು ಇಳಿದ್ರ ಉಳಿದವರು ಸರಕೊಂಡು ಕುಂದರ್ತಾರಲ್ಲ, ಕರುಳು ಹಂಗ ಸರಕೊಂತಾವು.”

ಕೊಪ್ಪಳದ ಬಸ್ಸಿನಲ್ಲಿ ಬಂದಿದ್ದ ಮುದಕಮ್ಮನಿಗೆ ಇದು ಪೂರ್ತಿ ತಿಳಿಯಿತು.

ವಿರೂಪಾಕ್ಷಮ್ಮ ಹಸನಬೀಯ ಪ್ರಶ್ನೆಗಳನ್ನು ಕೇಳಿದಳು. ಡಾಕ್ಟರ್ ಚೀಟಿಯ ಹಿಂದೆ ಚಿತ್ರ ಬರೆದರು. “ಗರ್ಭಕೋಶ, ಅದರ ಬಾಯಿ, ಎರಡೂ ಕಡೆ ನಳಿಗಿ, ಇಷ್ಟು ತೆಗೀತೀನಿ. ಅಂಡಾಶಯ ಎರಡೂ ಛಲೋ ಅದಾವು, ಅವನ್ನ ಬಿಡ್ತೀನಿ. ಅವು ಇದ್ರ ಮೈಯಾಗ ಬೆಂಕಿ ಒಮ್ಮಿಗೇ ಏಳಂಗಿಲ್ಲ, ಎಲುಬಿಗೂ ಛಲೋ. ಮುಟ್ಟು ಮಾತ್ರ ಇನ್ನ ಇಲ್ಲ. ಗಡ್ಡಿ ದೊಡ್ಡವು ಅದಾವಂತ ಕೆಳಹೊಟ್ಟಿ ಅಡ್ಡ ಕೊಯ್ದು ಮಾಡ್ತೀನಿ. ಬೆನ್ನಿಗೆ ಇಂಜೆಕ್ಷನ್, ನೋವು ತಿಳಿಯಂಗಿಲ್ಲ. ಐದಾರು ದಿನ ಇಲ್ಲಿ. ಆಮ್ಯಾಲ ಆರು ವಾರ ಭಾರ ಎತ್ತಂಗಿಲ್ಲ, ಗಂಡ ಹೆಂಡ್ತಿ ಕೂಡಂಗಿಲ್ಲ.”

ಕೊನೆಯ ಮಾತಿಗೆ ದೊಡ್ಡಬಸಪ್ಪ ಮತ್ತೆ ಫ್ಯಾನು ನೋಡಿದ. ವಿರೂಪಾಕ್ಷಮ್ಮ ಸಿಕ್ಕಿಬಿದ್ದದ್ದು ಅದರ ಹಿಂದಿನ ಮಾತಿನಲ್ಲಿ.

“ಭಾರ ಅಂದ್ರ ಎಷ್ಟ್ರಿ?”

“ತುಂಬಿದ ಕೊಡ ಬ್ಯಾಡ.”

“ಎರಡು ವಾರಕ್ಕ ಮುಗಿಸ್ರಿ ಬಾಯಾರ.”

“ಹೊರಗಿನ ಹೊಲಿಗಿ ಎರಡು ವಾರದಾಗ ಮಾಯ್ತೈತಿ. ನಿಮಗ ಕಾಣಲಾರದ್ದು ಒಳಗ ಒಂದು ಹೊಲಿಗಿ ಹಾಕಿರ್ತೀನಿ. ಅದಕ್ಕ ಆರು ವಾರ ಬೇಕು. ಅದು ಬಿಚ್ಚಿದ್ರ ನೀವು ಮತ್ತ ನನ್ನ ಟೇಬಲ್ ಮ್ಯಾಲ.”

ಬಸ್‌ಸ್ಟ್ಯಾಂಡಿನ ಹತ್ತಿರ ಪ್ರಭುರಾಜ ಎಂಬುವನು ಹೊಸ ಗಿರಣಿ ಹಾಕಿ ಎರಡು ತಿಂಗಳಾಗಿತ್ತು. ಬಣ್ಣದ ಯಂತ್ರ, ಕುಳಿತುಕೊಳ್ಳಲು ಬೆಂಚು. ಈ ಬಾಗಿಲು ಆರು ವಾರ ಮುಚ್ಚಿದರೆ ಡಬ್ಬಿಗಳೆಲ್ಲ ಅತ್ತ ನಡೆಯುತ್ತವೆ. ಒಮ್ಮೆ ಗಿರಣಿ ಬದಲಿಸಿದ ಡಬ್ಬಿ ವಾಪಸು ಬರುವುದು ಕಡಿಮೆ. ಹೊಟ್ಟೆಯೊಳಗಿನದನ್ನು ಕೊಡಲು ವಿರೂಪಾಕ್ಷಮ್ಮ ತಯಾರಿದ್ದಳು, ಗಿರಣಿಯನ್ನಲ್ಲ.

“ಮಾಲಕ ನಾ ಅದೀನಲ್ಲ,” ಅಂದ ದೊಡ್ಡಬಸಪ್ಪ ವಾಪಸು ಬರುವ ಬಸ್ಸಿನಲ್ಲಿ. “ಸ್ವಿಚ್ ಒತ್ತೋದು, ಕಾಳು ಸುರಿಯೋದು. ಅದರಾಗ ಏನೈತಿ?”

ಹಿಮೋಗ್ಲೋಬಿನ್ ಹತ್ತು ದಾಟುವವರೆಗೆ ಇನ್ನೂ ಒಂದು ತಿಂಗಳಿತ್ತು. ಆ ತಿಂಗಳು ಮಾಲಕರ ತರಬೇತಿ ನಡೆಯಿತು.

“ಕಲ್ಲಿನ ಸದ್ದು ಕೇಳ್ರಿ.”

“ಕೇಳಿದೆ. ಗರ್ ಅಂತೈತಿ.”

“ಗರ್ ಅಂದ್ರ ಹಿಟ್ಟು ಸುಡಾಕತ್ತೈತಿ. ಸಡ್ಲ ಬಿಡ್ರಿ. ಈಗ?”

“ಈಗೂ ಗರ್.”

“ಈಗ ಜರ್ ಅಂತು. ನುಚ್ಚು ಬೀಳ್ತೈತಿ. ಬಿಗಿ ಮಾಡ್ರಿ.”

“ಅಲ್ಲಬೇ, ಗರ್ರಿಗೂ ಜರ್ರಿಗೂ ನಡುವ ಏನೈತಿ?”

“ರೊಟ್ಟಿ ಐತಿ.”

ಆಪರೇಷನ್ ಎರಡು ತಾಸಿನಲ್ಲಿ ಮುಗಿಯಿತು. ಮರುದಿನ ಮುಂಜಾನೆ ಮೂತ್ರದ ನಳಿಗೆ ತೆಗೆದು, ಆಕೆಯನ್ನು ಎಬ್ಬಿಸಿ ನಡೆಸಿದರು. ಮಲಗಿದಲ್ಲೇ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದಂತೆ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲು ಹೇಳಿಕೊಟ್ಟರು. ವಿರೂಪಾಕ್ಷಮ್ಮನ ಅನುಭವದಲ್ಲಿ ಕೆಮ್ಮಿಗಿಂತ ನಗು ಜಾಸ್ತಿ ನೋಯಿಸಿತು, ಮತ್ತು ನಗಿಸುವವನು ಪಕ್ಕದಲ್ಲೇ ಇದ್ದ. ಹೊಟ್ಟೆಯ ಗಾಳಿ ಕೆಳಗೆ ಹೋಗಬೇಕು, ಹೋದರೆ ಕರುಳು ಕೆಲಸ ಶುರುಮಾಡಿತೆಂದು ಲೆಕ್ಕ ಎಂದು ನರ್ಸು ಹೇಳಿದ್ದೇ ತಡ, ಗಿರಣಿಗೆ ಬೀಗ ಹಾಕಿ ಬಂದಿದ್ದ ದೊಡ್ಡಬಸಪ್ಪ ಮಂಚದ ಪಕ್ಕ ಕಾವಲು ಕೂತ. ಎರಡನೇ ದಿನ ಮಧ್ಯಾಹ್ನ ಫಲ ಸಿಕ್ಕಿತು. ಕುಷ್ಟಗಿಯಿಂದ ಯಲಬುರ್ಗಾದವರೆಗಿನ ಎಲ್ಲ ಬೀಗರಿಗೆ ಫೋನು ಹೋಯಿತು: “ಆರಾಮ ಐತ್ರಿ. ಈಗ ನಮಗ ಗಾಳಿ ಹೋತು.”

ವಿರೂಪಾಕ್ಷಮ್ಮ ದಿಂಬು ಒತ್ತಿಕೊಂಡಳು.

ಆರನೇ ದಿನ ಮನೆಗೆ ಬಂದರೆ ಮುದಕಮ್ಮ ಗಿರಣಿಯ ಗೋಡೆಗೆ ಹತ್ತಿದ ಕೋಣೆಯಲ್ಲಿ ಪೂರ್ತಿ ಬಾಣಂತನ ಹೂಡಿದ್ದಳು. ಕೂಸು ಒಂದೇ ಕಡಿಮೆ. ಹೊರಸಿನ ಕೆಳಗೆ ಕೆಂಡದ ಬೋಗುಣಿ, ಕಿವಿಗೆ ಅರಿವೆ, ತಿನ್ನಲು ಬೆಳ್ಳುಳ್ಳಿ ಖಾರ ಕಲಸಿದ ಅನ್ನ, ಕುಡಿಯಲು ದಿನಕ್ಕೆ ಎರಡು ಲೋಟ ಬಿಸಿನೀರು. ಜಾಸ್ತಿ ನೀರು ಕುಡಿದರೆ ಗಾಯ ಹಸಿಯಾಗುತ್ತದೆ ಎಂಬುದು ಆಕೆಯ ಶಾಸ್ತ್ರ.

“ಅತ್ತಿ, ಡಾಕ್ಟರು ದಿನಕ್ಕ ಹತ್ತು ಲೋಟ ಅಂದಾರ. ಇಲ್ಲಂದ್ರ ಉರಿಮೂತ್ರ, ಮಲಬದ್ಧ. ತಿಣುಕಿದ್ರ ಹೊಲಿಗಿ ಹೋಗ್ತೈತಿ.”

“ನಿಮ್ಮ ಡಾಕ್ಟರು ಎಷ್ಟು ಬಾಣಂತನ ಮಾಡ್ಯಾರ?”

“ನಾ ಏನು ಹಡದೀನಿ?”

ಬಹಳ ಎಳೆದಾಟದ ಮೇಲೆ ಒಪ್ಪಂದವಾಯಿತು. ಕಿವಿಯ ಅರಿವೆ ಇರಲಿ, ಹಿಟ್ಟಿಗಾದರೂ ಅದು ರೂಢಿ. ಬೆಳ್ಳುಳ್ಳಿ ಇರಲಿ, ಜೊತೆಗೆ ಸೊಪ್ಪು, ಕಾಳು ಬರಲಿ. ಕೆಂಡ ಬೇಡ. ನೀರಿನ ವಿಷಯ ಮಾತ್ರ ಇತ್ಯರ್ಥವಾಗದೆ, ವಿರೂಪಾಕ್ಷಮ್ಮ ತಂಬಿಗೆ ಮತ್ತು ಸ್ಟೀಲಿನ ಲೋಟವನ್ನು ಹೊರಸಿನ ಕೆಳಗೆ, ಕೆಂಡದ ಜಾಗದಲ್ಲಿ ಇಟ್ಟುಕೊಂಡಳು. ಜ್ವರ, ವಾಸನೆಯ ಸ್ರಾವ, ಜಾಸ್ತಿ ರಕ್ತ, ಕಾಲಿನ ಬಾವು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಬರಬೇಕೆಂಬ ಡಾಕ್ಟರ ಚೀಟಿಯನ್ನು ದೊಡ್ಡಬಸಪ್ಪ ಗಿರಣಿಯಲ್ಲಿ ಕ್ಯಾಲೆಂಡರಿನ ಪಕ್ಕ ಅಂಟಿಸಿದ. ಜೋಳ ಬೀಸಿಸಲು ಬಂದವರೆಲ್ಲ ಓದಿಕೊಂಡು ಹೋದರು.

ಎರಡು ವಾರ ಹೇಗೋ ನಡೆಯಿತು. ಮೂರನೇ ವಾರದ ಸೋಮವಾರ ಹಸನಬೀ ಬಂದಳು. ಮುಖದಲ್ಲಿ ಸುದ್ದಿಯಿತ್ತು.

“ಹೇಳಬಾರದು ಅಂತಿದ್ದೆ. ಅಣ್ಣಾರು ಬೀಸಿದ ಹಿಟ್ಟಿನಾಗ ರೊಟ್ಟಿ ಬಡಿದೆ. ಹೆಂಚಿಗೆ ಹಾಕೂದ್ರಾಗ ಹರಿದು ಚಿಂದಿ. ಇವತ್ತು ಮೂರು ಮನಿ ಡಬ್ಬಿ ಬಸ್‌ಸ್ಟ್ಯಾಂಡಿಗೆ ಹೋದ್ವು.”

ಗೋಡೆಯಾಚೆ ಕಲ್ಲು ಗರ್ ಅನ್ನುತ್ತಿತ್ತು. ವಿರೂಪಾಕ್ಷಮ್ಮ ಕೂಗಿ ಹೇಳಲು ನೋಡಿದಳು; ಹೊಟ್ಟೆ ಹಿಡಿದುಕೊಂಡಿತು, ಧ್ವನಿ ಗೋಡೆ ದಾಟಲಿಲ್ಲ. ಎದ್ದು ಬಾಗಿಲಿಗೆ ಬಂದಳು. ಗಿರಣಿಯ ಹೊಸ್ತಿಲಲ್ಲಿ ಡಬ್ಬಿಗಳ ಸಾಲು ಕಾಣುತ್ತಿತ್ತು. ಕೋಣೆಯ ಹೊಸ್ತಿಲಲ್ಲಿ ಮುದಕಮ್ಮ ಕೂತಿದ್ದಳು. ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದಳು.

“ಬಾಣಂತಿ ನಲವತ್ತು ದಿನ ಇದನ್ನ ದಾಟಂಗಿಲ್ಲ.”

“ಸರೀರಿ ಅತ್ತಿ. ಗಿರಣಿ ಹೋದ ಮ್ಯಾಲ ನಾ ಆರಾಮಾಗಿ ಏನು ಮಾಡ್ಲಿ? ನಾಕು ಡಬ್ಬಿ ಬೀಸಿ ಬಂದು ಮಲಗ್ತೀನಿ.”

ಮುದಕಮ್ಮ ಕೋಲು ತೆಗೆಯಲಿಲ್ಲ. ಹಸನಬೀ ಇದ್ದಾಳೆ ಎಂಬುದನ್ನೂ ಲೆಕ್ಕಿಸಲಿಲ್ಲ.

“ನಿನ್ನ ಗಂಡ ಹುಟ್ಟಿದಾಗ ಒಂಬತ್ತನೇ ದಿನಕ್ಕ ನನ್ನ ಹೊಲಕ್ಕ ಕಳಿಸಿದ್ರು. ಜ್ವಾಳದ ಸೂಡು ಹೊತ್ತೆ. ಮುಂದ ಗರ್ಭಚೀಲ ಕೆಳಗ ಜಾರಿತು. ಇವತ್ತಿಗೂ ಕೆಮ್ಮಿದ್ರ ಕೈಗೆ ಹತ್ತತೈತಿ, ಸೀರಿ ತೊಯ್ತೈತಿ. ಯಾರ ಮುಂದ ಹೇಳ್ಲಿ? ಓಣಿ ಬಾಣಂತ್ಯಾರನ್ನ ನಾ ಸುಮ್ನ ಕಾಯಂಗಿಲ್ಲ. ಹೋಗು, ಮಲಗು.”

ಐವತ್ತು ವರ್ಷದ ಮಾತು ಅದು. ವಿರೂಪಾಕ್ಷಮ್ಮ ಹಿಂದಕ್ಕೆ ಹೋಗಿ ಹೊರಸಿನ ಮೇಲೆ ಕೂತಳು. ಗೋಡೆಯಾಚೆ ಕಲ್ಲು ಇನ್ನೂ ಗರ್ ಅನ್ನುತ್ತಿತ್ತು. ಸಿಟ್ಟು ಬಂದು, ಕೈಗೆ ಸಿಕ್ಕ ಸ್ಟೀಲಿನ ಲೋಟದಿಂದ ಗೋಡೆಗೆ ಟಣ್ಣೆಂದು ಒಂದು ಏಟು ಹಾಕಿದಳು.

ಆಚೆ ದೊಡ್ಡಬಸಪ್ಪ ಬೆಚ್ಚಿಬಿದ್ದು ತಿರುಪು ಸಡಿಲಬಿಟ್ಟ. ಗರ್ ನಿಂತಿತು. ಸ್ವಲ್ಪ ಹೊತ್ತಿಗೆ ಜರ್ ಶುರುವಾಯಿತು. ವಿರೂಪಾಕ್ಷಮ್ಮ ಲೋಟವನ್ನು ನೋಡಿದಳು. ಎರಡು ಏಟು ಹಾಕಿದಳು. ಆಚೆ ಏನೂ ಬದಲಾಗಲಿಲ್ಲ.

“ಹಸನಬೀ, ಹೋಗಿ ಹೇಳು. ಒಂದಕ್ಕ ಸಡ್ಲ, ಎರಡಕ್ಕ ಬಿಗಿ. ಕೈ ತಿರುಪಿನ ಮ್ಯಾಲ ಇರ್ಲಿ, ಟಣ್ ಅನ್ನೂತನ ತಿರುಗಿಸೂದು ಬ್ಯಾಡ.”

ಅಂದಿನಿಂದ ಗಿರಣಿ ಗೋಡೆಯ ಈಚೆಯಿಂದ ನಡೆಯಿತು. ಆಕೆ ಹೊರಸಿನ ಮೇಲೆ ಒರಗಿ, ಲೋಟ ಹಿಡಿದು, ಕಣ್ಣು ಮುಚ್ಚಿ ಬೀಸಿದಳು. ದೊಡ್ಡಬಸಪ್ಪ ಆಚೆ ಡಬ್ಬಿ ಎತ್ತಿದ. ನೀರು ಕುಡಿಯುವ ಲೋಟ ಸದಾ ಕೈಯಲ್ಲೇ ಇರಬೇಕಾದ್ದರಿಂದ ಮುದಕಮ್ಮನ ತಕರಾರೂ ಮುಗಿಯಿತು. ವಾರದೊಳಗೆ ಹಸನಬೀಯ ರೊಟ್ಟಿ ಹರಿಯುವುದು ನಿಂತಿತು. ಬಸ್‌ಸ್ಟ್ಯಾಂಡಿಗೆ ಹೋದ ಮೂರು ಡಬ್ಬಿಗಳಲ್ಲಿ ಎರಡು ವಾಪಸು ಬಂದವು. ಮೂರನೆಯದು ಪ್ರಭುರಾಜನ ಮಾವನ ಮನೆಯದು, ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ದೊಡ್ಡಬಸಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ: “ಸದ್ದು ಕೇಳಿ ಬೀಸಬೇಕ್ರಿ. ಎಲ್ಲಾರಿಗೂ ಬರಂಗಿಲ್ಲ ಅದು.” ಈಚೆಯಿಂದ ಒಂದು ಟಣ್ ಬರುತ್ತಿತ್ತು, ಕಲ್ಲಿಗಲ್ಲ.

ಆರು ವಾರ ತುಂಬಿದ ದಿನ ಕೊಪ್ಪಳದ ಬಸ್ಸು ಹತ್ತಿದವರು ಮೂವರು. ಡಾಕ್ಟರ್ ಹೇಮಾ ಪರೀಕ್ಷಿಸಿದರು. ಒಳಗಿನ ಹೊಲಿಗೆ ಮಾಯ್ದಿದೆ, ಹಿಮೋಗ್ಲೋಬಿನ್ ಹನ್ನೊಂದೂವರೆ. ಗಿರಣಿಗೆ ಹೋಗಬಹುದು, ಭಾರ ಮಾತ್ರ ಸಣ್ಣದರಿಂದ ನಿಧಾನವಾಗಿ ಶುರುಮಾಡಬೇಕು ಅಂದರು. ಚೀಟಿ ಬರೆದು ಮುಗಿಸಿದರೂ ವಿರೂಪಾಕ್ಷಮ್ಮ ಏಳಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಅತ್ತೆಯನ್ನು ಕೂರಿಸಿದಳು.

“ಇನ್ನೊಬ್ರು ಅದಾರ್ರಿ ಬಾಯಾರ.”

ಮುದಕಮ್ಮ ನೆಲ ನೋಡಿದಳು. ದೊಡ್ಡಬಸಪ್ಪ ರೂಢಿಯಂತೆ ಗಂಟಲು ಸರಿಮಾಡಿಕೊಂಡ. “ನಮಗ...” ಎಂದು ಶುರುಮಾಡಿ, ತಾಯಿಯ ಮುಖ ನೋಡಿ, ನಿಲ್ಲಿಸಿದ.

“ನೀನ ಹೇಳವ್ವಾ,” ಅಂದ. “ನಾ ಹೊರಗ ಇರ್ತೀನಿ.”

ಬಾಗಿಲು ಎಳೆದುಕೊಂಡು ಹೋದ. ಒಳಗೆ ಅರ್ಧ ತಾಸು ಹಿಡಿಯಿತು. ಕೆಳಗೆ ಜಾರಿದ್ದನ್ನು ಎತ್ತಿಹಿಡಿಯಲು ಈ ವಯಸ್ಸಿಗೆ ಕೊಯ್ಯಲೇಬೇಕೆಂದಿಲ್ಲ, ಬಳೆಯಾಕಾರದ ಮೆತ್ತನೆಯ ಆಸರೆಯೊಂದನ್ನು ಒಳಗೆ ಕೂರಿಸಬಹುದು, ಆಗಾಗ ಬಂದು ತೋರಿಸಿದರೆ ಸಾಕು ಎಂದರಂತೆ ಡಾಕ್ಟರ್. ವಾಪಸು ಬರುವ ಬಸ್ಸಿನಲ್ಲಿ ಮುದಕಮ್ಮ ಹಿಟ್ನಾಳದ ಒಬ್ಬ ಅಪರಿಚಿತ ಹೆಂಗಸಿಗೆ, ದಿನಕ್ಕೆ ಹತ್ತು ಲೋಟ ನೀರು ಕುಡಿಯಬೇಕೆಂದು ಬುದ್ಧಿ ಹೇಳುತ್ತಿದ್ದಳು.

ಈಗ ಗಿರಣಿಯ ಪದ್ಧತಿ ಬೇರೆ. ಡಬ್ಬಿಯನ್ನು ತಗಡಿನ ಬಾಯಿಯವರೆಗೆ ಗಿರಾಕಿಯೇ ಎತ್ತಬೇಕು, ಆಗದವರದನ್ನು ದೊಡ್ಡಬಸಪ್ಪ ಎತ್ತುತ್ತಾನೆ. ಹೊರಗಿದ್ದ ಕುರ್ಚಿ ಒಳಗೆ ಬಂದಿದೆ. ಅದರಲ್ಲಿ ವಿರೂಪಾಕ್ಷಮ್ಮ, ಒಂದು ಕೈ ತಿರುಪಿನ ಮೇಲೆ, ಇನ್ನೊಂದರಲ್ಲಿ ನೀರಿನ ಲೋಟ. ಹಸನಬೀ ಹಿಟ್ಟಿಗೆ ಬಂದಾಗಲೆಲ್ಲ ಸೆರಗಿನ ತುದಿಯಿಂದ ಆಕೆಯ ಕೆನ್ನೆ ಒರೆಸಿ, ಕೆಳಗಿನ ಗೋಧಿ ಬಣ್ಣ ನೋಡಿ, ಸಮಾಧಾನವಾದ ಮೇಲೆ ಡಬ್ಬಿ ತೆರೆಯುತ್ತಾಳೆ.

ಬೋರ್ಡು ಮಾತ್ರ ಹಾಗೇ ಇದೆ. ಅದನ್ನು ಇಳಿಸಿ ಹೆಸರು ಬದಲಿಸೋಣವೇ ಎಂದು ದೊಡ್ಡಬಸಪ್ಪನೇ ಒಮ್ಮೆ ಕೇಳಿದನಂತೆ. ಭಾರದ ವಸ್ತು, ಸದ್ಯಕ್ಕೆ ಎತ್ತುವುದೂ ಬೇಡ ಇಳಿಸುವುದೂ ಬೇಡ ಅಂದಳಂತೆ ವಿರೂಪಾಕ್ಷಮ್ಮ.